ಹೊಳೆ ಬಂದರೂ ಬಾರಿಸದ ಗಂಟೆ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಇಂದುಧರ ಎಂಬ ಶಿಷ್ಯನಿದ್ದ. ಕಲಿತವನು, ಚುರುಕಿನವನು. ಕಲಿತಿದ್ದೇನೆಂಬ ಹಮ್ಮು ಕಳೆಯಲಿ ಎಂದೇ ಆಶ್ರಮಕ್ಕೆ ಬಂದಿದ್ದ. ಅದಿನ್ನೂ ಕಳೆದಿರಲಿಲ್ಲ.

ಗುರುಗಳ ಹೆಸರು ಶಂಭುಲಿಂಗಯ್ಯ. ದಂಡೆಯ ಜನಕ್ಕೆಲ್ಲ ಅವರು ಅಜ್ಜಾರು.

ಬೇಸಿಗೆಯಲ್ಲಿ ಹೊಳೆ ಸೊರಗುತ್ತಿತ್ತು. ಆಗ ನಲವತ್ತು ಮನೆಯವರು ಉಸುಕಿನ ಮೇಲೆ ಗುಡಿಸಲು ಹಾಕಿ ಕಲ್ಲಂಗಡಿ, ಸೌತೆ ಬೆಳೆಯುತ್ತಿದ್ದರು. ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಅದು ಉಸುಕಿಗೆ ಬರಲು ಎರಡೇ ತಾಸು.

ಆ ಎರಡು ತಾಸಿಗಾಗಿ ನೀರಿನ ಕಚೇರಿಯವರು ಒಂದು ಆ್ಯಪ್ ಮಾಡಿಸಿದ್ದರು. ನೀರು ಬಿಟ್ಟ ಕೂಡಲೇ ಫೋನಿನಲ್ಲಿ ಗಂಟೆ ಬಾರಿಸುತ್ತದೆ. ಒಳ್ಳೆಯ ಕೆಲಸವೇ. ಆದರೆ ತೆರೆದು ನೋಡಿದರೆ ಸ್ನೂಜ್, ಸಿಂಕ್, ಡಿಫಾಲ್ಟ್ ವಲಯ, ಹೊರಹರಿವು. ಒಂದೊಂದು ಪದವೂ ಕಬ್ಬಿಣದ ಕಡಲೆ.

ಪ್ರತಿ ಪದದ ಪಕ್ಕದಲ್ಲಿ ಪುಟ್ಟ ಪ್ರಶ್ನೆ ಚಿಹ್ನೆ ಇತ್ತು. ಅದನ್ನು ಮುಟ್ಟಿದರೆ ಸಣ್ಣ ಚೌಕವೊಂದು ತೆರೆದುಕೊಂಡು ಪದದ ಅರ್ಥ ಹೇಳಬೇಕು. ಚೌಕದೊಳಗಿನ ಮಾತು ಬರೆಯುವ ಕೆಲಸವನ್ನು ಕಚೇರಿ ಆಶ್ರಮಕ್ಕೆ ಒಪ್ಪಿಸಿತು. ಗುರುಗಳು ಅದನ್ನು ಇಂದುಧರನಿಗೆ ಒಪ್ಪಿಸಿದರು.

ಒಂದು ಬೆಳಿಗ್ಗೆ ಇಂದುಧರ ಹಾಳೆಗಳನ್ನು ಹಿಡಿದು ಬಂದ. ಮುಖದಲ್ಲಿ ಹಬ್ಬದ ಕಳೆ.

“ಮುಗೀತ್ರಿ ಅಜ್ಜಾರ. ಒಂದ್ಸಲ ಓದ್ರಿ.”

ಗುರುಗಳು ಬೇಳೆ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ನಾ ಯಾಕ ಓದ್ಲಿ? ನಾ ಉಸುಕಿನ ಮ್ಯಾಲ ಮಲಗ್ತೀನೇನು? ಅಲ್ಲಿ ಮಲಗೋ ಹೊನ್ನವ್ವಗ ತೋರಿಸು.”

“ತೋರಿಸೀನ್ರಿ. ಆಕಿಗೆ ಎಲ್ಲಾ ತಿಳೀತು.”

“ಹೆಂಗ ತಿಳೀತು?”

“ನಾನ ಮಗ್ಗಲಕ್ಕ ಕೂತು ಒಂದೊಂದ ಬಿಡಿಸಿ ಹೇಳಿದೆ.”

ಗುರುಗಳ ಕೈ ನಿಂತಿತು.

“ಹಂಗಾದ್ರ ತಿಳಿಸಿದ್ದು ನಿನ್ನ ಬಾಯಿ. ನಿನ್ನ ಚೌಕ ಏನು ಮಾಡ್ತು?”

ಗುರುಗಳು ಮೊರ ಕೆಳಗಿಟ್ಟು ಎದ್ದರು.

“ಇವತ್ತು ಹೊತ್ತು ಮುಳುಗೋತನಕ ನಿನಗ ಮೌನ. ನಡಿ, ಹೊನ್ನವ್ವನ ಕಡೆ ಹೋಗೂಣು.”

ಹೊನ್ನವ್ವ ಉಸುಕಿನಲ್ಲಿ ಕಲ್ಲಂಗಡಿ ಬಳ್ಳಿಗೆ ಗೊಬ್ಬರ ಹಾಕುತ್ತಿದ್ದಳು. ಐವತ್ತರ ಹೆಂಗಸು. ನಾಲ್ಕನೆಯ ಇಯತ್ತೆ ಓದಿದವಳು, ಬಸ್ಸಿನ ಬೋರ್ಡು, ಔಷಧದ ಚೀಟಿ ಯಾವುದಕ್ಕೂ ಇನ್ನೊಬ್ಬರನ್ನು ಕೇಳಿದವಳಲ್ಲ. ಗುರುಗಳು ಫೋನು ಕೊಟ್ಟರು. ಪರೀಕ್ಷೆಗೆಂದು ಬಂದ ಆ್ಯಪ್ ಅದರಲ್ಲಿತ್ತು, ಚೌಕಗಳಲ್ಲಿ ಇಂದುಧರ ತನ್ನ ಬರಹ ತುಂಬಿದ್ದ. ಇಂದುಧರ ನಾಲ್ಕು ಹೆಜ್ಜೆ ಆಚೆ ಕುಳಿತ.

ಅವಳು ಸ್ನೂಜ್ ಎಂಬ ಗುಂಡಿ ನೋಡಿದಳು. ಪ್ರಶ್ನೆ ಚಿಹ್ನೆ ಮುಟ್ಟಿದಳು. ಚೌಕ ತೆರೆಯಿತು. ತಡವರಿಸದೆ ಓದಿದಳು.

“ಈ ಆಯ್ಕೆಯನ್ನು ಸಕ್ರಿಯಗೊಳಿಸಿದಲ್ಲಿ ನಿಗದಿತ ಅವಧಿಗೆ ಮುನ್ನೆಚ್ಚರಿಕಾ ಸಂಕೇತಗಳು ತಾತ್ಕಾಲಿಕವಾಗಿ ಸ್ಥಗಿತಗೊಳ್ಳುತ್ತವೆ.”

ಒಂದು ಪದದ ಮೇಲೆ ಬೆರಳಿಟ್ಟಳು.

“ಎಚ್ಚರಿಕಿ ಅಂತ ಅದ. ಎಚ್ಚರಿಕಿ ಛಲೋದ ಅಲ್ಲೇನ್ರಿ ಅಜ್ಜಾರ?”

ಹಾಗೆಂದವಳೇ ಸ್ನೂಜ್ ಒತ್ತಿಬಿಟ್ಟಳು.

ಇಂದುಧರ ಕುಳಿತಲ್ಲಿಂದ ಅರ್ಧ ಎದ್ದ.

ಗುರುಗಳು ಕೇಳಿದರು. “ಈಗ ಹೊಳಿ ಬಂದ್ರ ಗಂಟಿ ಬಾರಿಸ್ತದೇನವ್ವ?”

“ಬಾರಿಸ್ದ ಏನು? ಎಚ್ಚರಿಕೀನ ಒತ್ತೀನಲ್ಲ!”

ಇಂದುಧರ ಬಾಯಿ ತೆರೆದ. ಗುರುಗಳು ಬೆರಳೆತ್ತಿದರು.

“ನೀ ಬಾಯಿ ತೆಗದ್ರ ಈಕಿ ಒಬ್ಬಾಕಿ ಉಳೀತಾಳ. ಉಳಿದ ಗುಡಸಲಕ್ಕೆಲ್ಲ ಯಾರು ಹೋಗಿ ಕೂಡ್ತಾರ?”

ಅವನು ಶಾಲಿನ ಅಂಚು ಕಚ್ಚಿಕೊಂಡು ಕುಳಿತ. ಸಂಜೆಯವರೆಗೆ ಹೊನ್ನವ್ವ ಹನ್ನೊಂದು ಚೌಕ ತೆರೆದಳು. ಏಳರಲ್ಲಿ ತಪ್ಪಿದಳು. ತಪ್ಪಿದ್ದೇನೆಂದು ಅವಳಿಗೆ ಒಮ್ಮೆಯೂ ಗೊತ್ತಾಗಲಿಲ್ಲ.

ಹೊತ್ತು ಮುಳುಗಿತು. ಕಟ್ಟಿದ ಬಾಯಿ ಬಿಚ್ಚಿದ್ದೇ ತಡ, ಇಂದುಧರ ಸಿಡಿದ.

“ನನ್ನ ತಪ್ಪು ಏನೈತ್ರಿ? ನಾ ಬರದ ಅರ್ಥ ಒಂದೂ ಸುಳ್ಳಲ್ಲ. ಜನರ ಸಲುವಾಗಿ ನಾವು ಎಷ್ಟಂತ ಕೆಳಗ ಇಳೀಬೇಕು? ಅವರೂ ಸ್ವಲ್ಪ ಕಲೀಬೇಕಲ್ಲ!”

ಗುರುಗಳಿಗೆ ಸಿಟ್ಟು ಬರಲಿಲ್ಲ.

“ಖರೆ. ನಾಳೆ ಹೊನ್ನವ್ವಗ ಕೇಳು, ಆಕಿ ಗಂಡ ಯಾಕ ಕಲೀಲಿಲ್ಲ ಅಂತ.”

ಮರುದಿನ ಅವನು ಹೋಗಿ ಕೇಳಿದ. ಹೊನ್ನವ್ವ ಕೈಯಲ್ಲಿದ್ದ ಕಳೆ ಕೀಳುವ ಕುರ್ಚಿಗಿಯನ್ನು ಉಸುಕಿಗೆ ಚುಚ್ಚಿ ನಿಂತಳು.

“ಹ್ವಾದ ವರ್ಷ ಕಚೇರಿಯಿಂದ ಮೆಸೇಜ್ ಬಂತು. ‘ಹೊರಹರಿವಿನ ಪ್ರಮಾಣವನ್ನು ಹೆಚ್ಚಿಸಲಾಗುವುದು.’ ನಮ್ಮ ಮನಿಯವ್ರು ಎರಡು ಸಲ ಓದಿದ್ರು. ಹೊರಹರಿವು ಅಂದ್ರ ಏನ ಇದ್ದೀತು ಅಂತ ನಕ್ಕರು. ಫೋನ್ ಕಿಸೆದಾಗ ಇಟ್ಕೊಂಡು ನಡುವಿನ ಮಡಿಗೆ ನೀರು ಹಾಕಾಕ ಹ್ವಾದ್ರು.”

“ಆಮ್ಯಾಲ?”

“ಆಮ್ಯಾಲ ಏನು. ಹೊಳಿ ಬಂತು.”

ಅವಳು ಕುರ್ಚಿಗಿಯನ್ನು ಕಿತ್ತುಕೊಂಡು ಮತ್ತೆ ಬಗ್ಗಿದಳು. ಇಂದುಧರನಿಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಡಲೂ ಆಗಲಿಲ್ಲ. ನಿನ್ನೆ ಆಡಿದ ಮಾತಿಗೆ ನಾಚಿಕೆಯಾಯಿತು. ಆ ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು. ಈ ಸಲದ ಸಿಟ್ಟು ಜನರ ಮೇಲಲ್ಲ.

ಆಶ್ರಮಕ್ಕೆ ಬಂದು ಹಳೆಯ ಹಾಳೆಗಳನ್ನೆಲ್ಲ ಒಲೆಗೆ ಹಾಕಿದ. ಹೊಸದಾಗಿ ಬರೆಯಲು ಕುಳಿತ. ಈಗ ಕರುಳು ಕರಗಿ ಬರೆದ. ಸ್ನೂಜ್ ಒಂದಕ್ಕೇ ಒಂದು ಪುಟ. ಉಪಮೆ, ಉದಾಹರಣೆ, ಕೊನೆಗೊಂದು ಹಿತನುಡಿ. ಬಡವನಿಗೆ ಊಟ ಹಾಕಲು ಹೋಗಿ ಬಾಳೆ ಎಲೆಯೇ ಹರಿಯುವಷ್ಟು ಬಡಿಸಿದಂತಿತ್ತು.

ಗುರುಗಳು ಹಾಳೆಯ ಉದ್ದ ನೋಡಿದರು. ಮೂಲೆಯಲ್ಲಿದ್ದ ತುಂಬಿದ ಕೊಡ ತೋರಿಸಿದರು.

“ಇದನ್ನ ತಲಿ ಮ್ಯಾಲ ಇಟ್ಕೋ. ನಡುಮಟ್ಟ ನೀರಾಗ ನಿಂತು ಓದು.”

ಇಂದುಧರ ಹೊಳೆಗೆ ಇಳಿದ. ಒಂದು ಕೈಯಲ್ಲಿ ಕೊಡ, ಒಂದು ಕೈಯಲ್ಲಿ ಹಾಳೆ. ಕಾಲಡಿಯ ಉಸುಕು ಸರಿಯುತ್ತಿತ್ತು. ಮೂರನೆಯ ಸಾಲಿಗೆ ಕೊಡ ಬಿತ್ತು. ಐದನೆಯ ಸಾಲಿಗೆ ಅವನೇ ಬಿದ್ದ.

ದಂಡೆಯ ಮೇಲಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗುರುಗಳೂ ನಕ್ಕರು.

“ಹೊಳ್ಯಾಗ ನಿಂತಾಂವಗ ಓದಾಕ ಎಷ್ಟು ಪುರುಸೊತ್ತು ಇರ್ತದ, ಗೊತ್ತಾತಲ್ಲ?”

ಏಳು ದಿನ ಅವನು ಹೊಳೆಯಲ್ಲೇ ನಿಂತು ಬರೆದ. ಕೊಡ ಬೀಳುವ ಮುಂಚೆ ಓದಿ ಮುಗಿಯದ ಮಾತನ್ನೆಲ್ಲ ಹೊಡೆದುಹಾಕಿದ. ಪ್ರತಿ ಸಂಜೆ ಉಳಿದದ್ದನ್ನು ಹೊನ್ನವ್ವನ ಕೈಗೆ ಕೊಟ್ಟು, ನಾಲ್ಕು ಹೆಜ್ಜೆ ಆಚೆ, ಬಾಯಿ ಮುಚ್ಚಿ ಕುಳಿತ. ಯಾರೂ ಹೇಳದೆ ತಾನಾಗಿಯೇ ಕುಳಿತ.

ಎಂಟನೆಯ ದಿನ ಸ್ನೂಜಿನ ಚೌಕದಲ್ಲಿ ಇಷ್ಟೇ ಉಳಿದಿತ್ತು:

“ಇದನ್ನು ಒತ್ತಿದರೆ ಒಂದು ದಿನ ಗಂಟೆ ಬಾರಿಸುವುದಿಲ್ಲ. ಹೊಳೆ ಬಂದರೂ ಬಾರಿಸುವುದಿಲ್ಲ.”

ಹೊನ್ನವ್ವ ಓದಿದಳು. ಹಾವು ತುಳಿದವಳಂತೆ ಬೆರಳು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಇಂದುಧರನನ್ನು ದುರುಗುಟ್ಟಿ ನೋಡಿದಳು.

“ಹಂಗಾದ್ರ ಈ ಹಾಳು ಗುಂಡಿ ಇಲ್ಲ್ಯಾಕ ಇಟ್ಟೀರಿ?”

ಇಷ್ಟು ದಿನ ಇಂದುಧರ ಆ ಪದಕ್ಕೆ ಅರ್ಥ ಬರೆದಿದ್ದ. ಆ ಗುಂಡಿ ಯಾಕೆ ಬೇಕೆಂದು ಒಮ್ಮೆಯೂ ಕೇಳಿರಲಿಲ್ಲ.

ಸೋಮವಾರ ಕಚೇರಿಯ ಸಾಹೇಬರು ಬಂದರು. ಶುಕ್ರವಾರ ಆ್ಯಪ್ ಬಿಡುಗಡೆ, ಚೌಕಗಳ ಬರಹ ಅಂದೇ ಕೈಗೆ ಬೇಕಿತ್ತು.

ಅವತ್ತು ಗುರುಗಳು ಮೌನ ಹಿಡಿದಿದ್ದರು. ಬೆಳಿಗ್ಗೆ ಇಂದುಧರನಿಗೆ ಅದು ತಿಳಿದಾಗ ಕಾಲ ಕೆಳಗಿನ ನೆಲ ಸರಿದಂತಾಗಿತ್ತು. ಸಾಹೇಬರಿಗೆ ಗುರುಗಳೆಂದರೆ ಭಕ್ತಿ. ಅವರ ಒಂದು ಮಾತಿನಿಂದ ಎಲ್ಲ ಆಗುತ್ತಿತ್ತು. ಆದರೆ ಅವರು ಕಂಬಕ್ಕೆ ಒರಗಿ ಬೇಳೆ ಆರಿಸುತ್ತ ಕುಳಿತುಬಿಟ್ಟಿದ್ದರು.

ಸಾಹೇಬರು ಹಾಳೆ ಓದಿ ಮೂಗು ಮುರಿದರು.

“ಇದೇನು, ಸಂತೆಯಲ್ಲಿ ಮಾತಾಡಿದ ಹಾಗಿದೆ! ಸರ್ಕಾರಿ ಆ್ಯಪಿಗೆ ಒಂದು ಘನತೆ ಬೇಡವೆ? ನೀವು ಮೊದಲು ತೋರಿಸಿದ್ದು ಚೆನ್ನಾಗಿತ್ತು. ಅದನ್ನೇ ಕೊಡಿ.”

“ಅದನ್ನ ಒಲೀಗೆ ಹಾಕೀನ್ರಿ.”

“ಮತ್ತೆ ಬರೆಯಿರಿ.”

“ಬರಿಯೂದಿಲ್ಲ. ಆ ಸ್ನೂಜ್ ಗುಂಡೀನೂ ತಗೀರಿ. ನಮ್ಮ ಉಸುಕಿನವರಿಗೆ ಅದು ಬ್ಯಾಡ.”

“ಪದಗಳು, ಗುಂಡಿಗಳು ಎಲ್ಲ ಸಮಿತಿಯಲ್ಲಿ ಪಾಸಾಗಿವೆ ಸ್ವಾಮಿ. ನಾನೇ ಬದಲಿಸುವ ಹಾಗಿಲ್ಲ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೇ ಸಮಿತಿ, ಪೂಜಾರಿಯೂ ಸಮಿತಿ.

ಸಾಹೇಬರು ದನಿ ತಗ್ಗಿಸಿ ತಿಳಿಹೇಳಿದರು. “ನೋಡಿ, ಓದು ಬಲ್ಲವರಿಗೆ ಇದರಿಂದ ತೊಂದರೆಯಿಲ್ಲ. ಓದು ಬಾರದವರಿಗೆ ಹೇಗಿದ್ದರೂ ಪಕ್ಕದವರು ಹೇಳುತ್ತಾರೆ.”

ಹೊನ್ನವ್ವ ಗುರುಗಳಿಗೆಂದು ಕಲ್ಲಂಗಡಿ ತಂದಿದ್ದಳು. ಬಾಗಿಲಲ್ಲೇ ನಿಂತಿದ್ದವಳು ಒಳಗೆ ಬಂದಳು.

“ನನ್ನ ಗಂಡಗ ಓದಾಕ ಬರ್ತಿತ್ತು ಸಾಹೇಬ್ರ. ಆ ಮೆಸೇಜ್ ಬರದವರಿಗೆ ಬರಿಯಾಕ ಬರಲಿಲ್ಲ.”

ಸಾಹೇಬರು ತಬ್ಬಿಬ್ಬಾದರು. ಅವಳು ಬಿಡಲಿಲ್ಲ.

“ನಿಮಗ ಛಲೋ ಅನಸಿದ ಮಾತು ನನಗ ನೆನಪೈತಿ. ‘ಮುನ್ನೆಚ್ಚರಿಕಾ ಸಂಕೇತಗಳು ತಾತ್ಕಾಲಿಕವಾಗಿ ಸ್ಥಗಿತಗೊಳ್ಳುತ್ತವೆ.’ ಅಂದ್ರ ಏನು? ನಿಮ್ಮ ಬಾಯಿಂದ ಹೇಳ್ರಿ.”

“ಅಂದರೆ… ಅದನ್ನು ಒತ್ತಿದರೆ ಒಂದು ದಿನ ಗಂಟೆ ಬಾರಿಸುವುದಿಲ್ಲ, ಅಷ್ಟೇ ಅಮ್ಮ.”

“ಹೊಳಿ ಬಂದ್ರ?”

“ಬಂದರೂ ಬಾರಿಸುವುದಿಲ್ಲ.”

“ಅಗದೀ ಛಲೋ ಹೇಳಿದ್ರಿ. ನಿಮ್ಮ ಬಾಯಾಗ ಬಂದದ್ದು ಫೋನಿನಾಗ ಬಂದ್ರ ಘನತಿ ಹೋಗ್ತದೇನು?”

ಸಾಹೇಬರ ಮುಖ ಕೆಂಪಾಯಿತು. ಗುರುಗಳ ಕಡೆ ತಿರುಗಿದರು. ಗುರುಗಳು ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು. ಇಂದುಧರನೂ ಅವರನ್ನೇ ನೋಡಿದ. ಅವರ ಕಣ್ಣು ಮೊರದ ಮೇಲೇ ಇತ್ತು.

“ಚೌಕಗಳನ್ನು ಖಾಲಿಯೇ ಬಿಟ್ಟು ಬಿಡುಗಡೆ ಮಾಡುತ್ತೇವೆ,” ಎಂದರು ಸಾಹೇಬರು. “ಆಶ್ರಮದ ಹೆಸರನ್ನೂ ತೆಗೆಯುತ್ತೇವೆ. ನಾಳೆ ಏನಾದರೂ ಆದರೆ ನೀವೇ ಹೊಣೆ.”

ಇಂದುಧರ ಎದ್ದು ನಿಂತ.

“ಖಾಲಿ ಬಿಡ್ರಿ. ಖಾಲಿ ಚೌಕ ಕಂಡ್ರ ಜನ ಅಂಜಿ ಇನ್ನೊಬ್ಬರನ್ನ ಕೇಳ್ತಾರ. ನಾ ಮೊದಲ ಬರದಂಥಾ ಚೌಕ ಕಂಡ್ರ ತಿಳೀತಂತ ಅನ್ಕೊಂಡು ಒತ್ತತಾರ. ಹೆಸರು ಬೇಕಾದ್ರ ತಗೀರಿ. ಆ ಮಾತು ಮಾತ್ರ ನನ್ನ ಕೈಲಿಂದ ಇನ್ನೊಮ್ಮೆ ಬರಿಸಾಕ ನಿಮಗ ಆಗೂದಿಲ್ಲ.”

“ಅಂಜಿ ಆ್ಯಪನ್ನೇ ಬಿಟ್ಟರೆ ಈ ನಲವತ್ತು ಮನೆಯವರಿಗೆ ನೀರು ಬರುವುದನ್ನು ಯಾರು ಹೇಳುತ್ತಾರೆ?”

“ಅಣೆಕಟ್ಟಿನ ಕೆಳಗಿನ ಊರಿನವರಿಗೆ ಹೇಳೀನಿ. ನೀರು ಬಿಟ್ಟ ಕೂಡ್ಲೆ ನನಗ ಫೋನ್ ಮಾಡ್ತಾರ. ನಮ್ಮ ಆಶ್ರಮದ ಗುಡಿ ಗಂಟಿ ಬಿಚ್ಚಿ ದಂಡಿ ಮ್ಯಾಲ ಕಟ್ಟತೀನಿ. ಬೇಸಗಿ ಮುಗಿಯೂತನಕ ಹಗ್ಗದ ಬುಡಕ್ಕ ನಾನ ಕೂಡ್ತೀನಿ. ಅದಕ್ಕ ಸ್ನೂಜ್ ಇಲ್ಲ.”

ಸಾಹೇಬರು ಎದ್ದು ಹೋದರು. ಜೀಪಿನ ಸದ್ದು ಕೇಳಿಸಿತು. ಆಮೇಲೆ ನಿಂತಿತು. ಅವರು ನಡೆದುಕೊಂಡು ವಾಪಸು ಬಂದರು, ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತು ಕೈ ಚಾಚಿದರು.

“ಆ ಹಾಳೆ ಕೊಡಿ. ಸಮಿತಿ ಒಪ್ಪುವುದಿಲ್ಲ. ಆದರೂ ಕೊಡಿ. ಹೊಳೆ ಬಂದರೆ ಏನಾಗುತ್ತದೆಂದು ಅವರ ಬಾಯಿಂದಲೇ ಹೇಳಿಸಿ ನೋಡುತ್ತೇನೆ.”

ಇಂದುಧರ ಕೊಟ್ಟ. ಜೀಪು ಹೋಯಿತು.

ಮಧ್ಯಾಹ್ನವೆಲ್ಲ ಅವನೂ ಹೊನ್ನವ್ವನೂ ಸೇರಿ ದಂಡೆಯ ಆಲದ ಟೊಂಗೆಗೆ ಗಂಟೆ ಕಟ್ಟಿದರು. ಸಾಹೇಬರ ಮಾತು ನಂಬಿ ಕುಳಿತುಕೊಳ್ಳುವಷ್ಟು ಬುದ್ಧಿಗೇಡಿ ಅವಳಲ್ಲ. ಹಗ್ಗ ಎಳೆದು ನೋಡಿದಳು. ಉಸುಕಿನ ಗುಡಿಸಲುಗಳಿಂದ ಒಬ್ಬೊಬ್ಬರೇ ಹೊರಗೆ ಬಂದು ಇತ್ತ ನೋಡಿದರು.

ಹೊತ್ತು ಮುಳುಗುವಾಗ ಗುರುಗಳು ಬಂದು ಹಗ್ಗದ ಬುಡದಲ್ಲಿ ಅವನ ಪಕ್ಕ ಕುಳಿತರು.

“ಒಂದು ಮಾತು ಆಡಿದ್ರ ಸಾಕಿತ್ತಲ್ರಿ ಅಜ್ಜಾರ. ಅಷ್ಟು ಹೊತ್ತು ನನ್ನೊಬ್ಬನ್ನ ನಿಲ್ಲಿಸಿ ಸುಮ್ಮನ ಯಾಕ ಕೂತ್ರಿ?”

ಗುರುಗಳು ಹಗ್ಗದ ಗಂಟು ಮುಟ್ಟಿ ನೋಡಿದರು. ಆಮೇಲೆ ಅವನ ಎದೆಗೆ ಬೆರಳು ಮುಟ್ಟಿಸಿದರು.

“ಅವತ್ತು ನಿನ್ನ ಬಾಯಿ ಕಟ್ಟಿದ್ದು ನೀ ಬರದದ್ದನ್ನ ನೋಡಾಕ, ತಮ್ಮಾ. ಇವತ್ತು ನನ್ನ ಬಾಯಿ ಕಟ್ಟಿಕೊಂಡಿದ್ದು ನಾ ಬರದದ್ದನ್ನ ನೋಡಾಕ.”