ವತ್ಸಲಾ ಇಲ್ಲದಾಗ ಆದ ತೀರ್ಮಾನ

ಧಾರವಾಡದಲ್ಲಿ ಐದು ಮನೆಯವರು ಸೇರಿ, ಮಕ್ಕಳನ್ನು ಶಾಲೆಗೆ ಕಳಿಸದೆ ತಾವೇ ಓದಿಸುತ್ತಿದ್ದರು. ಅನಸೂಯಾಳ ಮನೆಯ ಪಡಸಾಲೆಯೇ ಪಾಠದ ಕೋಣೆ. ಅನಸೂಯಾ ಕನ್ನಡ ಕಲಿಸುವಳು, ಅವಳ ಜೀವದ ಗೆಳತಿ ವತ್ಸಲಾ ಲೆಕ್ಕ ಕಲಿಸುವಳು. ಏನೇ ತಕರಾರು ಬಂದರೂ ಐವರೂ ಕೂತು ಮಾತಾಡಬೇಕೆಂದು ಮೊದಲ ದಿನವೇ ಒಪ್ಪಿದ್ದರು.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ರೋಹಿಣಿಯ ಮಗಳು ಸ್ಫೂರ್ತಿ ಲೆಕ್ಕದ ಪಾಠ ಬಂತೆಂದರೆ ಅಳತೊಡಗಿದಳು. ವತ್ಸಲಾ ತಾಯಿಯ ಆರೈಕೆಗೆಂದು ತವರಿಗೆ ಹೋಗಿದ್ದ ವಾರ, ರೋಹಿಣಿ ಉಳಿದ ಮೂವರನ್ನು ಕೂಡಿಸಿದಳು.

“ವತ್ಸಲಾ ಭಾಳ ಬಿರುಸು. ಇನ್ನ ಮ್ಯಾಲ ಲೆಕ್ಕ ನಾನ ಕಲಸತೀನಿ. ಏನಂತೀರಿ?”

ವತ್ಸಲಾಳ ಮಾತು ಬಿರುಸು, ಮನಸ್ಸು ಬೆಣ್ಣೆ ಎಂಬುದು ಅನಸೂಯಾಳಿಗೆ ಗೊತ್ತಿತ್ತು. ‘ಆಕಿ ಬರಲಿ, ಆಕಿನ್ನೂ ಕೇಳೋಣ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ರೋಹಿಣಿಯನ್ನು ಎದುರು ಹಾಕಿಕೊಳ್ಳುವುದು ಯಾಕೆಂದು ನುಂಗಿಕೊಂಡಳು. ಎಲ್ಲರೂ ಹೂಂ ಅಂದರು. ತಾನೂ ಹೂಂ ಅಂದಳು.

ಸೋಮವಾರ ವತ್ಸಲಾ ಬಂದಾಗ ಬೋರ್ಡಿನ ಮುಂದೆ ರೋಹಿಣಿ ನಿಂತಿದ್ದಳು. “ಇನ್ನ ಲೆಕ್ಕ ನಾನ ಕಲಸತೀನಿ, ಎಲ್ಲಾರೂ ಹೂಂ ಅಂದಾರ” ಅಂದಳು. ಭಿನ್ನರಾಶಿ ಕಲಿಸಲೆಂದು ರಟ್ಟು ಕತ್ತರಿಸಿ ಮಾಡಿದ ರೊಟ್ಟಿಗಳು ವತ್ಸಲಾಳ ಕೈಯಲ್ಲೇ ಉಳಿದವು.

“ಒಂದು ಮಾತು ನನ್ನ ಕೇಳಬಾರದಿತ್ತೇನು, ಅನಸೂಯಾ?”

ವತ್ಸಲಾ ಅಲ್ಲೇ ಓದುತ್ತಿದ್ದ ತನ್ನ ಮಗಳ ಕೈ ಹಿಡಿದು ಹೊರಟುಹೋದಳು.

ಆದರೆ ಸ್ಫೂರ್ತಿಯ ಅಳು ನಿಲ್ಲಲಿಲ್ಲ. ಹದಿನೈದು ದಿನ ನೋಡಿ, ಅನಸೂಯಾ ಆ ಮಗುವನ್ನು ಮಗ್ಗುಲಲ್ಲಿ ಕೂಡಿಸಿಕೊಂಡು ಕೇಳಿದಳು. ಆವರೆಗೆ ಯಾರೂ ಅವಳನ್ನೂ ಕೇಳಿರಲಿಲ್ಲ.

“ಬೋರ್ಡ್ ಮ್ಯಾಲಿನ ಲೆಕ್ಕ ಕಾಣಂಗಿಲ್ರಿ. ಕನ್ನಡ ಆದ್ರ ಪುಸ್ತಕದಾಗ ಇರತದ. ಚಸ್ಮಾ ಹಾಕಿದ್ರ ಎಲ್ಲಾರೂ ನಗತಾರಂತ ಹೇಳಲಿಲ್ಲ. ನಾ ಅತ್ತಾಗ ವತ್ಸಲಾ ಟೀಚರ್ ಆದ್ರ ಬಾಜೂಕ ಕೂಡಿಸ್ಕೊಂಡು ವಹಿಯೊಳಗ ಬರದು ತೋರಸತಿದ್ರು.”

ಅನಸೂಯಾ ಅಂದೇ ವತ್ಸಲಾಳ ಮನೆಗೆ ಓಡಿದಳು. ವತ್ಸಲಾ ಒಳಗೆ ಕರೆದು ಚಹಾ ಕೊಟ್ಟಳು. ಗೋಡೆಯ ಗೂಟಕ್ಕೆ ಅವಳ ಮಗಳ ಹೊಸ ಶಾಲೆಯ ಸಮವಸ್ತ್ರ ನೇತಾಡುತ್ತಿತ್ತು.

“ತಪ್ಪಾತು ವತ್ಸಲಾ. ತಿರುಗಿ ಬಾ.”

“ರೋಹಿಣಿ ಮ್ಯಾಲ ನನಗ ಸಿಟ್ಟಿಲ್ಲ. ಹೆತ್ತಾಕಿ, ಮಗಳ ಅಳು ತಡಕೊಳ್ಳಲಿಲ್ಲ. ಆದ್ರ ನೀನೂ ಹೂಂ ಅಂದಿ. ಇನ್ನ ಅಲ್ಲಿ ಕೂತ್ರ, ನಾ ಎದ್ದು ಹೋದ ಮ್ಯಾಲ ಏನ ಮಾತಾಡತೀರೋ ಅಂತನ ಅನಸ್ತದ.”

ಅನಸೂಯಾ ಚಹಾದ ಬಟ್ಟಲು ಕೆಳಗಿಟ್ಟು ಎದ್ದು ಬಂದಳು.

ಸ್ಫೂರ್ತಿಗೆ ಕನ್ನಡಕ ಬಂತು, ಅಳು ನಿಂತಿತು. ರೋಹಿಣಿಯೂ ಹೋಗಿ ಕೈಮುಗಿದು ಬಂದಳು. ವತ್ಸಲಾ ಮಾತ್ರ ಬರಲಿಲ್ಲ. ಈಗಲೂ ಸಂತೆಯಲ್ಲಿ ಗೆಳತಿಯರಿಬ್ಬರು ಎದುರಾಗುತ್ತಾರೆ. “ಆರಾಮ?” ಎಂದು ಒಬ್ಬಳು ಕೇಳುತ್ತಾಳೆ, “ಆರಾಮ” ಎಂದು ಇನ್ನೊಬ್ಬಳು ಅನ್ನುತ್ತಾಳೆ. ಮುಂದೆ ಮಾತು ಹುಟ್ಟುವುದಿಲ್ಲ.

ನೀತಿ: ಯಾರ ವಿಷಯವೋ ಅವರನ್ನು ಕೇಳದೆ ತೀರ್ಮಾನ ಮಾಡಬಾರದು. ಸತ್ಯ ಗೊತ್ತಿದ್ದೂ ಸುಮ್ಮನೆ ಹೂಂ ಅಂದವರು ಆ ತಪ್ಪಿನಲ್ಲಿ ಸಮಪಾಲುದಾರರು. ತೀರ್ಮಾನವನ್ನು ನಾಳೆ ಬದಲಿಸಬಹುದು, ಕಳೆದುಕೊಂಡ ನಂಬಿಕೆ ಕರೆದಾಗ ಮರಳುವುದಿಲ್ಲ.