ಅಂಗಳದ ಚೆನ್ನಿಗರಾಯ

ಹೊನ್ನಗೆರೆಯ ದೇಗುಲಕ್ಕೆ ಹೋದವರು ಮೊದಲು ನೋಡುವುದು ಖಾಲಿ ಗರ್ಭಗುಡಿ. ಒಳಗೆ ಪೀಠವಿದೆ, ದೀಪ ಉರಿಯುತ್ತದೆ, ದೇವರಿಲ್ಲ. ದೇವರು ಬಿಸಿಲು ಮಳೆ ಎನ್ನದೆ ಹೊರಗೆ ನಿಂತಿದ್ದಾನೆ. ಅವನನ್ನು ಅಂಗಳದ ಚೆನ್ನಿಗರಾಯ ಎನ್ನುತ್ತಾರೆ.

ಹಿಂದೆ ಒಮ್ಮೆ ಊರಿನ ಬೊಮ್ಮೇಗೌಡರು ಈ ಗುಡಿ ಕಟ್ಟಿಸಲು ಹೊರಟರಂತೆ. ಕಟ್ಟಿಸುವ ಯಜಮಾನನ ತೋಳಿನ ಮೊಳವೇ ಆಗ ಅಳತೆ. ಅದೇ ಉದ್ದದ ಕೋಲಿನಲ್ಲಿ ಎಲ್ಲ ಕೆಲಸ. ಗೌಡರು ಗಿಡ್ಡ ಆಳು. ಅವರ ಕೋಲಿನಲ್ಲಿ ಬಾಗಿಲು ನಿಂತು ಪೂಜೆಯೂ ಆಯಿತು. ಅಷ್ಟರಲ್ಲಿ ಅವರು ತೀರಿಕೊಂಡರು, ವಾಡಿಕೆಯಂತೆ ಕೋಲೂ ಚಿತೆ ಏರಿತು. ಮಗ ಹಲಗೇಗೌಡ ನೀಳ ತೋಳಿನವನು. ದೂರದ ಕಲ್ಲುಗಣಿಯಲ್ಲಿ ವಿಗ್ರಹ ಕಡೆಯಬೇಕಿದ್ದ ಶಿಲ್ಪಿ ಸಿಂಗೋಜನಿಗೆ ತನ್ನ ತೋಳಿನ ಹೊಸ ಕೋಲು ಕಳಿಸಿದ, ಮೊಳದ ಲೆಕ್ಕ ಮಾತ್ರ ಅಪ್ಪ ಹೇಳಿದ್ದೇ. ಸಿಂಗೋಜ ಅನುಮಾನಪಟ್ಟು ಬಾಗಿಲು ಅಳೆಯಲು ಬಂದ. ಪೂಜೆಯಾದ ಬಾಗಿಲಿಗೆ ದೇವರ ಪ್ರತಿಷ್ಠೆ ಆಗುವ ತನಕ ಕೋಲು ಹಿಡಿಯಬಾರದೆಂದು ಊರವರು ತಡೆದರು.

"ಗೌಡ್ರೇ, ಬಾಗ್ಲು ನಿಮ್ಮಪ್ಪಾರ ಮೊಳದ್ದು ಕಣ್ರಪ್ಪಾ" ಎಂದ ಸಿಂಗೋಜ.

"ಈಗ ಯಜಮಾನ ನಾನು. ನನ್ ಮೊಳದಲ್ಲೇ ಕಡಿ, ಓಜ."

ಮೂರು ಸಲ ಬಂದ, ಮೂರು ಸಲವೂ ಅದೇ ಉತ್ತರ. ಕಲ್ಲನ್ನಾದರೂ ಕಡೆಯಬಹುದು, ಇಂಥ ತಲೆಯನ್ನು ಏನು ಮಾಡುವುದು? ಹಲ್ಲು ಕಚ್ಚಿಕೊಂಡು ಏಳು ವರ್ಷ ಕಡೆದ.

ಪ್ರತಿಷ್ಠೆಯ ದಿನ ದೇವರು ನಾಲ್ಕು ಬೆರಳಿನಷ್ಟು ಅಗಲ ಹೆಚ್ಚಾಗಿ ಬಾಗಿಲಲ್ಲೇ ನಿಂತ. ಬಾಗಿಲಿಗೆ ಉಳಿ ತಾಕಿಸುವಂತಿಲ್ಲ. "ಓಜನ ಕೈ ತಪ್ಪೈತೆ, ಶಂಖ ಚಕ್ರ ವಸಿ ಕೆತ್ತಾಕಿ" ಎಂದ ಹಲಗೇಗೌಡ. ಸಿಂಗೋಜನ ಮೈ ಉರಿದುಹೋಯಿತು. ವಿಗ್ರಹಕ್ಕೆ ಅಡ್ಡ ನಿಂತು, "ಊನವಾದ ದೇವ್ರಿಗೆ ಯಾರು ಕೈ ಮುಗೀತಾರೆ? ಮೊದ್ಲು ನನ್ ಕೈ ಕಡೀರಿ!" ಎಂದು ಕೂಗಿದ. ಮುಹೂರ್ತ ಮೀರುತ್ತಿತ್ತು. ವಿಧಿಯಿಲ್ಲದೆ ದೇವರನ್ನು ಅಂಗಳದಲ್ಲೇ ನಿಲ್ಲಿಸಿದರು.

ಮರ್ಯಾದೆಗೆಂದು ತನಗೆ ಹೊದಿಸಲು ತಂದ ಶಾಲನ್ನು ಸಿಂಗೋಜ ಮುಟ್ಟಲಿಲ್ಲ. ತಪ್ಪು ತನ್ನದಲ್ಲವೆಂದು ಗೌಡ ನಾಲ್ಕು ಜನರ ಮುಂದೆ ಹೇಳಲಿ, ಅಷ್ಟೇ ಸಾಕೆಂದ. ಗೌಡ ತುಟಿ ಬಿಚ್ಚಲಿಲ್ಲ. ಅಳತೆಗೆಟ್ಟ ಓಜನೆಂಬ ಹೆಸರು ಸುತ್ತಲೂ ಹಬ್ಬಿ, ಯಾವ ಊರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಆದರೂ ಪ್ರತಿ ಹಬ್ಬಕ್ಕೆ ಬಂದು, ಗೌಡನ ಬಾಯನ್ನೇ ನೋಡುತ್ತ ನಿಂತು, ಕುದಿಯುತ್ತ ಹಿಂತಿರುಗುತ್ತಿದ್ದನಂತೆ. ಹದಿನೆಂಟು ಹಬ್ಬ ಹೀಗೇ ಕಳೆದವು.

ಇಂದಿಗೂ ವೈಶಾಖದ ಹಬ್ಬದಲ್ಲಿ ಗೌಡರ ಮನೆಯ ಹಿರಿಯರು ಮೊದಲು ಬಾಗಿಲನ್ನು, ಆಮೇಲೆ ದೇವರನ್ನು ತಮ್ಮ ತೋಳಿನಿಂದ ಅಳೆದು, "ತಪ್ಪು ನಮ್ಮ ಮೊಳದ್ದು, ಓಜಂದಲ್ಲ" ಎಂದು ಗಟ್ಟಿಯಾಗಿ ಹೇಳುತ್ತಾರೆ. ಆ ಮಾತು ಮುಗಿಯುವ ತನಕ ಮಂಗಳಾರತಿ ಎತ್ತುವಂತಿಲ್ಲ. ಮೊದಲ ಸಲ ಹಾಗೆ ಹೇಳಿದವನು ಮುದಿ ಹಲಗೇಗೌಡನೇ. ಸಿಂಗೋಜ ಹಬ್ಬಕ್ಕೆ ಬಾರದೆ ಹೋದ ಮೊದಲ ವರ್ಷ ಅದು. ಅವನು ಸತ್ತು ಆಗಲೇ ಮೂರು ತಿಂಗಳಾಗಿತ್ತು ಎನ್ನುತ್ತಾರೆ.