ಇಳಿತದ ಗಂಟೆ

ಒಂದೂರಿನಲ್ಲಿ ಒಂದು ಗಂಟೆ ಇತ್ತು. ಮಂಜು ಮುಸುಕಿದ ದಿನ ಅದನ್ನು ಹೊಡೆದರೆ ದಾರಿ ತಪ್ಪಿದ ದೋಣಿಗಳು ಸದ್ದಿನ ಜಾಡು ಹಿಡಿದು ದಡ ಸೇರುತ್ತಿದ್ದವು. ಒಂದು ದಿನ ಅದೇ ಜಾಗದಲ್ಲಿದ್ದ ಅದೇ ಗಂಟೆಯನ್ನು, ಯಾವಾಗಲೂ ಹೊಡೆಯುವ ಕೈಯೇ, ಎಂದಿನ ಹಾಗೆಯೇ ಹೊಡೆಯಿತು. ಬಂದ ದೋಣಿಗಳೆಲ್ಲ ಚೂರುಚೂರಾದವು. ಏನಾಗಿರಬಹುದು, ಹೇಳಿ ನೋಡೋಣ. ಬಿರುಗಾಳಿ ಅನ್ನಬೇಡಿ, ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ದೆವ್ವ ಅಂತಲೂ ಅನ್ನಬೇಡಿ, ಆ ದಿನದ ಕೆಲಸ ನೋಡಿದ್ದರೆ ದೆವ್ವಗಳೇ ಹೆದರಿ ಓಡುತ್ತಿದ್ದವು. ಗೊತ್ತಾಗಲಿಲ್ಲವೇ? ಒಳ್ಳೆಯದಾಯಿತು. ಗೊತ್ತಾಗಿದ್ದರೆ ನಾನು ಹೇಳುವುದೇನು ಉಳಿಯುತ್ತಿತ್ತು. ಹತ್ತಿರ ಬಂದು ಕೂತುಕೊಳ್ಳಿ.

ಕಡಲ ಅಂಚಿನಲ್ಲಿ ಶಂಖಕೋಡಿ ಅಂತ ಒಂದು ಊರಂತೆ. ಊರಿನ ಎದುರಿಗೇ ನೀರಿನೊಳಗೆ ಒಂದು ಕಲ್ಲಿನ ಸಾಲು. ಹಂದಿಗಳ ಹಿಂಡು ಬೆನ್ನು ಮೇಲೆ ಮಾಡಿ ಮಲಗಿದ ಹಾಗೆ ಕಾಣುತ್ತಿದ್ದುದರಿಂದ ಅದಕ್ಕೆ ಹಂದಿಬಂಡೆ ಅಂತ ಹೆಸರು. ಉಬ್ಬರದಲ್ಲಿ ಅದರ ಮೇಲೆ ದೋಣಿ ಸರಾಗ ಹಾಯುತ್ತಿತ್ತು, ಇಳಿತದಲ್ಲಿ ಹಾಯುತ್ತಿರಲಿಲ್ಲ. ದಡದ ಕೋಡುಗಲ್ಲಿನ ಮೇಲೆ ಗಂಟೆ. ಗಂಟೆ ಹೊಡೆಯುವವನು ಸುಕ್ರ, ಅವನ ಹೆಂಡತಿ ದಾರಕ್ಕ, ಒಬ್ಬನೇ ಮಗ ಜಟ್ಟ. ಊರಿನಲ್ಲಿ ಅವನಷ್ಟು ಬಲವಾಗಿ ಹುಟ್ಟು ಹಾಕುವವರಿರಲಿಲ್ಲ.

ಗಂಟೆಗೆ ಎರಡೇ ಕಟ್ಟಳೆ. ಮಂಜಿನಲ್ಲಿ ಯಾರ ದೋಣಿಯೇ ಇರಲಿ, ಯಾರದು ಅಂತ ಕೇಳದೆ ಹೊಡೆಯಬೇಕು. ಇಳಿತ ಇದ್ದರೆ ಮಾತ್ರ ಹಗ್ಗ ಮುಟ್ಟಬಾರದು. ನೀರು ಏರುವವರೆಗೆ ದೋಣಿಗಳು ಆಚೆಯೇ ಕಾಯಬೇಕು. ದಡಕ್ಕೆ ಇಳಿದವರಿಗೆ ಇನ್ನೊಂದು ಪದ್ಧತಿ: ಮೊದಲು ಬೆಲ್ಲ, ನೀರು. ಹೆಸರು, ಊರು, ಬಂದ ಕೆಲಸ ಎಲ್ಲ ಆಮೇಲೆ. ಬಾಯಾರಿದವನ ಹತ್ತಿರ ಹೆಸರು ಕೇಳುವುದು ಆ ಊರಿನಲ್ಲಿ ಬೈಗುಳಕ್ಕೆ ಸಮ.

ಒಂದು ಮಾಗಿಯ ಬೆಳಗ್ಗೆ ಕೈ ಚಾಚಿದರೆ ಕೈ ಕಾಣದಂಥ ಮಂಜು. ಉಬ್ಬರ ತುಂಬಿತ್ತು. ಸುಕ್ರ ಗಂಟೆ ಹೊಡೆದ. ಮಂಜಿನೊಳಗಿಂದ ಉದ್ದುದ್ದ ದೋಣಿಗಳು ಬಂದವು. ಒಂದೊಂದರ ಮೂತಿಗೂ ಹೆಡೆ ಎತ್ತಿದ ಹಾವಿನ ತಲೆ. ಇಳಿದವರು ಬಡಗಣ ದಿಕ್ಕಿನ ಚಳಿದೇಶದವರಂತೆ, ಊರವರು ಅವರನ್ನು ಬಡಗಿನವರು ಅಂದರು. ಅವರ ಯಜಮಾನನಿಗೆ ಎದೆ ಮುಚ್ಚುವ ಕೆಂಪು ಗಡ್ಡ, ಅವನು ಕೆಂಗಡ್ಡ ಆದ. ಯುರೋಪಿನ ಕರಾವಳಿಯನ್ನು ವೈಕಿಂಗರು ಗೋಳಾಡಿಸಿದ್ದನ್ನು ನಮ್ಮ ಇತಿಹಾಸದ ಮೇಷ್ಟ್ರು ಪಾಠ ಮಾಡುವಾಗ ನನಗೆ ಈ ಕೆಂಗಡ್ಡನ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು. ಪಾಠದಲ್ಲಿ ದೋಣಿಯ ಉದ್ದ ಅಗಲ ಎಲ್ಲ ಇತ್ತು. ದಡದಲ್ಲಿ ನಿಂತವರಿಗೆ ಏನಾಯಿತು ಅನ್ನುವುದಕ್ಕೆ ಒಂದೇ ಸಾಲು.

ಏನಾಯಿತು ಅಂದರೆ, ಸುಕ್ರ ಬೆಲ್ಲ ನೀರು ಹಿಡಿದುಕೊಂಡು ಕೋಡುಗಲ್ಲು ಇಳಿದು ಬಂದ. ಕೆಂಗಡ್ಡ ಬೆಲ್ಲ ತಿಂದ, ನೀರು ಕುಡಿದ, ತಂಬಿಗೆ ವಾಪಸ್ ಕೊಟ್ಟ. ಆಮೇಲೆ ಕೊಡಲಿ ಎತ್ತಿದ. ಸುಕ್ರ ತಂಬಿಗೆ ಹಿಡಿದುಕೊಂಡೇ ಸತ್ತ.

ಮನೆಗಳಿಗೆ ಬೆಂಕಿ, ದೋಣಿಗಳಿಗೆ ಬೆಂಕಿ, ಗುಡಿಯ ದೇವರ ಬೆಳ್ಳಿ ಕಣ್ಣುಗಳು ಗೋಣಿಚೀಲಕ್ಕೆ. ತೋಳಿನಲ್ಲಿ ಕಸುವಿದ್ದ ಗಂಡಸರನ್ನೆಲ್ಲ ಹುಟ್ಟು ಹಾಕುವುದಕ್ಕೆ ಕಟ್ಟಿ ಒಯ್ದರು. ಜಟ್ಟನೂ ಹೋದ. ಊರಿನ ಯಜಮಾನ, ಗುರಿಕಾರ ಬೈರನ ಅಳಿಯ ಈರನೂ ಹೋದ. ಈರ ಘಟ್ಟದ ಬುಡದ ಊರಿನವನು, ಮನೆಅಳಿಯನಾಗಿ ಬಂದು ಇನ್ನೂ ಉಪ್ಪುನೀರಿನ ಗಾಳಿಗೆ ಒಗ್ಗಿರಲಿಲ್ಲ. ಅವನ ಹೆಂಡತಿ ತುಂಬಿದ ಬಸುರಿ.

ಉಳಿದವರು ಘಟ್ಟ ಹತ್ತಿ ಅರಸನ ಹತ್ತಿರ ಹೋದರಂತೆ. ಅರಸು ಊಟಕ್ಕೆ ಕೂತಿದ್ದ. ಎಲ್ಲ ಕೇಳಿಸಿಕೊಂಡು ಪಾಯಸದ ಬಟ್ಟಲು ಇಳಿಸಿ, "ಗಂಟೆ ಹೊಡೆದವರು ಯಾರು?" ಅಂದ.

"ನಾವೇ ಬುದ್ಧಿ," ಅಂದ ಗುರಿಕಾರ.

"ನೀವೇ ಕರೆದು, ನೀವೇ ದೂರು ಹೇಳಿದರೆ ಹೇಗೆ?"

ದಾರಕ್ಕ ಮುಂದೆ ಬಂದಳು. "ನಮ್ಮ ಮೀನಿನಲ್ಲಿ ಪಾಲು ಎತ್ತುವಾಗ ಮಾತ್ರ ನಾವು ನಿಮ್ಮವರಾ, ಒಡೆಯರೆ?"

ಅರಸು ಪಾಯಸದ ಬಟ್ಟಲು ಮತ್ತೆ ಎತ್ತಿಕೊಂಡ. ಸೈನ್ಯ ಕೊಡಲಿಲ್ಲ, ಒಂದು ಬಾವುಟ ಕೊಟ್ಟ. ಅದನ್ನು ದಡದಲ್ಲಿ ನೆಟ್ಟರೆ ಇದು ಯಾರ ಸೀಮೆ ಅಂತ ಬಡಗಿನವರಿಗೆ ತಿಳಿಯುತ್ತದಂತೆ, ತಿಳಿದು ನಡುಗುತ್ತಾರಂತೆ. ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಊರವರು ಮರಳಿ ಬಂದು ಬಾವುಟ ನೆಟ್ಟರು. ಗಂಟೆ ನಿಲ್ಲಿಸಿದರು. ಮುಂದಿನ ಮಾಗಿಯಲ್ಲಿ ಗಂಟೆ ಇಲ್ಲದೆ, ಬೆಂಕಿಗೆ ತಪ್ಪಿ ಉಳಿದ ಅವರದೇ ದೋಣಿಗಳಲ್ಲಿ ಎರಡು ಮಂಜಿನಲ್ಲಿ ದಾರಿ ತಪ್ಪಿ ಹೋದವು, ಹೆಣವೂ ಸಿಗಲಿಲ್ಲ. ಹೊಡೆದರೆ ಬಡಗಿನವರು, ಹೊಡೆಯದಿದ್ದರೆ ಸಾವು. ಕೊನೆಗೆ ದಾರಕ್ಕ ಗಂಡನ ಹಗ್ಗ ಹಿಡಿದು ತಮ್ಮವರಿಗಾಗಿ ಗಂಟೆ ಹೊಡೆದಳು. ತಮ್ಮವರೂ ಬಂದರು, ಅವರ ಬೆನ್ನಿಗೇ ಹಾವಿನ ತಲೆಗಳೂ ಬಂದವು. ಮತ್ತೆ ಬೆಂಕಿ. ಅರಸನ ಬಾವುಟ ಹರಿದು ತಮ್ಮ ಹಾಯಿಗೆ ತೇಪೆ ಹಾಕಿಕೊಂಡು ಹೋದರಂತೆ, ಅಷ್ಟು ನಡುಗಿದರು ಅವರು.

ಆ ಸಲ ದಾರಕ್ಕ ಕಲ್ಲಿನ ಸಂದಿಯಲ್ಲಿ ಅಡಗಿ ಕೂತು ಮಗನನ್ನು ಕಂಡಳು. ಜಟ್ಟ ಮೊದಲ ದೋಣಿಯಲ್ಲಿ ಹುಟ್ಟಿನ ಮುಂದೆ ಕೂತಿದ್ದ. ಕಾಲಿಗೆ ಹಗ್ಗ. ಅವಳು ಮುಖ ನೋಡಿದಳು, ಆಮೇಲೆ ಹಗ್ಗದ ಗಂಟು ನೋಡಿದಳು. ಬಲೆ ಕಟ್ಟುವವರ ಮನೆಯಲ್ಲಿ ಹುಟ್ಟಿದವನು ಎರಡು ಬೆರಳಿನಲ್ಲಿ ಬಿಚ್ಚುವಂಥ ಗಂಟು. ಆದರೆ ಬಿಚ್ಚಿಕೊಂಡು ಹೋಗುವುದೆಲ್ಲಿಗೆ? ದಡದಲ್ಲಿ ಕೊಡಲಿ, ಆಚೆ ಕೊನೆಯಿಲ್ಲದ ನೀರು. ಅವಳು ಅಳಲಿಲ್ಲವಂತೆ. ಮನೆಯಿದ್ದ ಜಾಗದ ಬೂದಿಯಲ್ಲಿ ಕೂತು ವರ್ಷವಿಡೀ ಹಲ್ಲು ಕಚ್ಚಿಕೊಂಡಿದ್ದಳಂತೆ.

ಮೂರನೆಯ ಮಾಗಿ ಬಂತು. ಗುರಿಕಾರ ಊರು ಕೂಡಿಸಿದ.

"ಗಂಟೆ ಬಿಚ್ಚುವ. ತೆಂಕಲ ಕೊರಕಲಿನಲ್ಲಿ ಕಟ್ಟಿ ಹೊಡೆಯುವ. ಅಲ್ಲಿ ಆಳ ನೀರು, ಗೋಡೆಯಂಥ ಬಂಡೆ. ಗುದ್ದಿ ಸಾಯಲಿ," ಅಂದ.

"ನಮ್ಮವರೂ ಸಾಯ್ತಾರೆ," ಅಂದಳು ದಾರಕ್ಕ. "ಆ ಕೊರಕಲಿನಲ್ಲಿ ಮೀನೂ ಈಜೂದಿಲ್ಲ."

"ನಿನ್ನ ಮಗ ಒಬ್ಬನೇ ಅಲ್ಲ ಮಾರಾಯ್ತಿ ದೋಣಿಯಲ್ಲಿರೂದು. ನನ್ನ ಅಳಿಯನೂ ಇದ್ದಾನೆ."

"ಹಾಗಾದ್ರೆ ಕೇಳಿ. ಗಂಟೆ ಇದ್ದಲ್ಲೇ ಇರಲಿ. ಹೊಡೆಯುವವಳು ನಾನೇ. ಇಳಿತದಲ್ಲಿ ಹೊಡೆಯುತ್ತೇನೆ."

ಒಬ್ಬ ಮುದುಕ, "ಇಳಿತದಲ್ಲಿ ಹಗ್ಗ ಮುಟ್ಟಿದವರಿಲ್ಲ ತಂಗಿ, ಹುಟ್ಟಿದಲ್ಲಿಂದ ಕೇಳಿಲ್ಲ," ಅಂದ.

"ಅದಕ್ಕೇ ಹೇಳೂದು. ನಮ್ಮ ಗಂಡುಮಕ್ಕಳೂ ಕೇಳಿಲ್ಲ. ಕಾಲಡಿ ನೀರು ಕಡಲಿಗೆ ಎಳೀತಾ ಇರುವಾಗ ಗಂಟೆ ಕೇಳಿದ್ರೆ ಅವರಿಗೆ ಗೊತ್ತಾಗೂದಿಲ್ಲವಾ? ಅಮ್ಮ ಮರುಳಾಗಿದ್ದಾಳೆ ಅಂತ ತಿಳೀಲಿಕ್ಕಿಲ್ಲ ಜಟ್ಟ. ಹಗ್ಗ ಬಿಚ್ಚಿ ಹಾರ್ತಾನೆ. ಹಂದಿಬಂಡೆಯ ಹತ್ತಿರವೇ ಅಲ್ಲವಾ ಅವರೆಲ್ಲ ಈಜು ಕಲಿತದ್ದು. ಬಡಗಿನವರು ಬಂದದ್ದು ಎರಡೂ ಸಲ ಉಬ್ಬರಕ್ಕೆ. ಗಂಟೆ ಇದ್ದಲ್ಲಿ ದಾರಿ ಅಂತ ಅಷ್ಟೇ ಅವರಿಗೆ ಗೊತ್ತು."

ಗುರಿಕಾರ ಮಗಳ ಕಡೆ ನೋಡಿದ. "ನನ್ನ ಅಳಿಯ ಘಟ್ಟದ ಬುಡದವ ದಾರಕ್ಕ. ಉಬ್ಬರ ಯಾವುದು ಇಳಿತ ಯಾವುದು ಅಂತ ಅವನಿಗೆ ಯಾರು ಹೇಳ್ತಾರೆ?"

ಗುರಿಕಾರನ ಮಗಳು ಮೂಲೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಕೊನೆಗೆ ಗುರಿಕಾರನೇ ಎದ್ದು, "ಹೊಡಿ," ಅಂದ. ಅಷ್ಟು ಹೇಳುವುದಕ್ಕೆ ಅವನಿಗೆ ಎಷ್ಟು ಸಿಟ್ಟು ಬೇಕಾಗಿತ್ತು ಅಂತ ಯೋಚಿಸಿ ನೋಡಿ.

ಅಮಾವಾಸ್ಯೆಯ ದಿನ ಶಂಖಕೋಡಿಯವರು ಕಡಲಿಗೆ ಇಳಿಯುವುದಿಲ್ಲ. ಅಂಥ ಒಂದು ಅಮಾವಾಸ್ಯೆಯ ಬೆಳಗಿನಲ್ಲೇ ಮಂಜಿನೊಳಗೆ ಕೊಂಬಿನ ಸದ್ದು ಕೇಳಿತು. ಒಂದು ದೋಣಿ ಇನ್ನೊಂದನ್ನು ಕರೆಯುತ್ತಿತ್ತು. ನೀರು ಇಳಿದು ಇಳಿದು ಹಂದಿಗಳ ಬೆನ್ನಿನ ಮೇಲೆ ಮೊಣಕಾಲುದ್ದವೂ ಉಳಿದಿರಲಿಲ್ಲ. ದಾರಕ್ಕ ಹಗ್ಗ ಹಿಡಿದಳು, ಆದರೆ ಎಳೆಯಲಾಗಲಿಲ್ಲ. ಮಗ ಇದ್ದಾನೋ ಇಲ್ಲವೋ, ಇದ್ದರೂ ಅವನ ಬೆರಳು ನೆಟ್ಟಗಿವೆಯೋ ಇಲ್ಲವೋ, ಯಾರಿಗೆ ಗೊತ್ತು?

ಅತ್ತ ಕೆಂಗಡ್ಡನಿಗೆ ಸಿಟ್ಟು ಬಂತು. ಜಟ್ಟನ ಬೆನ್ನಿಗೆ ಒದ್ದು, "ಗಂಟೆ ಎಲ್ಲಿ? ಕೂಗು, ಹೊಡೆಯುವುದಕ್ಕೆ ಹೇಳು," ಅಂದ.

ಜಟ್ಟನಿಗೆ ಇಳಿತ ಅಂತ ಗೊತ್ತಿತ್ತು. ಕೂಗಿದರೂ ಅಮ್ಮ ಹೊಡೆಯುವುದಿಲ್ಲ ಅಂತಲೂ ಗೊತ್ತಿತ್ತು. ಅವಳ ಕಿವಿಗೆ ತನ್ನ ಸ್ವರವಾದರೂ ಬೀಳಲಿ ಅಂತ ಎದೆ ಬಿರಿಯುವ ಹಾಗೆ ಕೂಗಿದ. "ಅಮ್ಮಾ, ನಾನು ಜಟ್ಟ."

ಆ ಸ್ವರ ಕಿವಿಗೆ ಬಿದ್ದದ್ದೇ ದಾರಕ್ಕ ಹಗ್ಗ ಎಳೆದಳು. ಢಣ್. ಢಣ್. ಢಣ್.

ಜಟ್ಟ ಬೆಚ್ಚಿದ. ಹುಟ್ಟನ್ನು ನೀರಿಗೆ ಅದ್ದಿ ನೋಡಿದ, ನೀರು ಕಡಲ ಕಡೆಗೇ ಎಳೆಯುತ್ತಿತ್ತು. ಒಂದು ಗಳಿಗೆ ಅಮ್ಮ ತನ್ನನ್ನೂ ಸೇರಿಸಿ ಕೊಲ್ಲುತ್ತಿದ್ದಾಳೆ ಅಂದುಕೊಂಡನಂತೆ. ಮರುಗಳಿಗೆಯಲ್ಲಿ ಅರ್ಥವಾಯಿತು.

"ಇದೇ ದಾರಿಯೋ?" ಅಂದ ಕೆಂಗಡ್ಡ.

"ನಮ್ಮ ಅಮ್ಮನ ಗಂಟೆ ಒಡೆಯ. ಇದ್ದಲ್ಲೇ ಇದೆ, ಕೇಳಿಸೂದಿಲ್ಲವಾ? ಜೋರು ಹಾಕಿದ್ರೆ ಬೇಗ ಮುಟ್ಟಬಹುದು."

ಕೆಂಗಡ್ಡ ಜೋರು ಹಾಕಿಸಿದ. ಮಂಜಿನಲ್ಲಿ ಯಾರ ಕೈ ಏನು ಮಾಡುತ್ತಿದೆ ಅಂತ ಯಾರಿಗೆ ಕಾಣುತ್ತದೆ? ಒಂದೊಂದೇ ಗಂಟು ಬಿಚ್ಚಿತು. ಬಂಡೆಗೆ ಅಲೆ ಬಡಿಯುವ ಸದ್ದು ಹತ್ತಿರವಾದದ್ದೇ ಶಂಖಕೋಡಿಯ ಗಂಡಸರು ಆಚೆ ಈಚೆ ನೀರಿಗೆ ಹಾರಿದರು. ಹುಟ್ಟಿಗೆ ಆಳಿಲ್ಲದೆ ದೋಣಿ ತಿರುಗಿತು, ಹಂದಿಗಳ ಬೆನ್ನು ಹತ್ತಿತು, ಹಾವಿನ ತಲೆ ಮುರಿದು ಬಿತ್ತು. ಅದರ ಮೇಲೆ ಹಿಂದಿನ ದೋಣಿ, ಅದರ ಮೇಲೆ ಅದರ ಹಿಂದಿನದು. ಕಬ್ಬಿಣದ ಅಂಗಿ ತೊಟ್ಟವರು ಕಬ್ಬಿಣದ ಹಾಗೆಯೇ ಮುಳುಗಿದರು. ಕೆಂಗಡ್ಡನ ಗಡ್ಡ ಸ್ವಲ್ಪ ಹೊತ್ತು ನೀರಿನ ಮೇಲೆ ತೇಲಿತಂತೆ, ಆಮೇಲೆ ಅದೂ ಇಲ್ಲ. ತೆವಳಿಕೊಂಡು ದಡ ಹತ್ತಿದವರಿಗೆ ಊರಿನ ಹೆಂಗಸರು ಒನಕೆ ಹಿಡಿದು ಕಾದಿದ್ದರು. ಅದನ್ನು ನಾನು ಬಿಡಿಸಿ ಹೇಳುವುದಿಲ್ಲ, ತಪ್ಪು ಅಂತಲೂ ಹೇಳುವುದಿಲ್ಲ.

ದಾರಕ್ಕ ಗಂಟೆ ನಿಲ್ಲಿಸಲಿಲ್ಲ. ಈಜಿ ಬರುವವರಿಗೆ ದಾರಿ ಬೇಕಲ್ಲ. ಅಂಗೈ ಸಿಪ್ಪೆ ಎದ್ದು ಹಗ್ಗ ಕೆಂಪಾದರೂ ಬಿಡಲಿಲ್ಲ. ಒಬ್ಬೊಬ್ಬರಾಗಿ ಬಂದರು. ಕೊನೆಗೆ ಜಟ್ಟ ಬಂದ, ಒಂದು ಕೈಯಲ್ಲಿ ಒಬ್ಬ ಬಡಗಿನವನ ಜುಟ್ಟು ಹಿಡಿದು ಎಳೆದುಕೊಂಡು.

ಗುರಿಕಾರ ಒನಕೆ ಎತ್ತಿದ. ಜಟ್ಟ ಅಡ್ಡ ನಿಂತ.

"ಮಾವ, ಇವನು ಅವರ ದೋಣಿ ಕಟ್ಟುವ ಆಚಾರಿ. ನಮ್ಮ ದೋಣಿ ಎಲ್ಲ ಬೂದಿ ಮಾಡಿ ಹೋಗಿದ್ದಾರೆ. ಇವನನ್ನು ಕೊಂದು, ಹಲಗೆಗೆ ಉಳಿ ಹಿಡಿಯೂದು ಯಾರು, ನೀವಾ? ಸುಟ್ಟದ್ದಷ್ಟೂ ಕಟ್ಟಿ ಕೊಟ್ಟು ಆಮೇಲೆ ಬೇಕಾದ್ರೆ ಸಾಯಲಿ."

"ನನ್ನ ಅಳಿಯ ಎಲ್ಲಿ ಜಟ್ಟ?"

"ಹಿಂದಿನ ದೋಣಿಯಲ್ಲಿದ್ದ ಮಾವ. ಹಾರು ಅಂತ ಕೂಗಿದೆ. ಗಂಟೆ ಕೇಳಿ ಮನೆ ಬಂತು ಅಂತ ಖುಷಿಯಲ್ಲಿ ಹುಟ್ಟು ಹಾಕ್ತಾ ಇದ್ದ ಕಾಣುತ್ತದೆ."

ಗುರಿಕಾರ ಒನಕೆ ಮರಳಿಗೆ ಬಿಟ್ಟು ನೀರಿನಂಚಿನಲ್ಲಿ ಕೂತ. ಉಬ್ಬರ ಏರಿ ಸೊಂಟಕ್ಕೆ ಬಂದರೂ ಏಳಲಿಲ್ಲವಂತೆ. ಮುಂದೆ ಬದುಕಿರುವವರೆಗೂ ಅವನು ದಾರಕ್ಕನ ಹತ್ತಿರ ಮಾತಾಡಲಿಲ್ಲ. ಅವಳೂ ಅದನ್ನು ತಪ್ಪೆನ್ನಲಿಲ್ಲ.

ಬಡಗಿನ ಆಚಾರಿ ಮರಳಿನಲ್ಲಿ ಉಪ್ಪುನೀರು ಕಕ್ಕುತ್ತ ಬಿದ್ದಿದ್ದ. ದಾರಕ್ಕ ಕೋಡುಗಲ್ಲು ಇಳಿದು ಬಂದಳು. ಒಂದು ಕೈಯಲ್ಲಿ ಬೆಲ್ಲ, ಒಂದು ಕೈಯಲ್ಲಿ ಗಂಡನ ತಂಬಿಗೆ. ಅವನು ಕೈ ಚಾಚಿದ. ಅವಳು ಕೊಡಲಿಲ್ಲ.

"ಮೊದಲು ಹೆಸರು ಹೇಳು," ಅಂದಳು.

ಊರವರು ಮುಖ ಮುಖ ನೋಡಿಕೊಂಡರು. ಅವನು ಏನೋ ಒಂದು ಹೆಸರು ಹೇಳಿದ. ಆಮೇಲೆ ನೀರು ಸಿಕ್ಕಿತು. "ಇದು ನಮ್ಮ ಪದ್ಧತಿಗೆ ಕೊಟ್ಟದ್ದು, ನಿನಗೆ ಕೊಟ್ಟದ್ದಲ್ಲ," ಅಂತ ಅವನ ಮುಖಕ್ಕೇ ಹೇಳಿದಳು.

ಅವನು ದೋಣಿ ಕಟ್ಟಿದ. ಸುಟ್ಟವು ಅಷ್ಟಿದ್ದವು, ಕಟ್ಟಿ ಮುಗಿಸುವ ಹೊತ್ತಿಗೆ ಅವನ ಗಡ್ಡ ನೆರೆತು, ಊರಿನಲ್ಲೇ ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಆಗಿದ್ದರು. ಶಂಖಕೋಡಿಯ ದೋಣಿಗಳಿಗೆ ಹಲಗೆಯ ಮೇಲೆ ಹಲಗೆ ಹೊದಿಸುವುದು, ಮೂತಿ ಹಾವಿನಂತೆ ಎತ್ತುವುದು, ಅಲ್ಲಿನ ಕೆಲವು ಮನೆಗಳಲ್ಲಿ ಹುಟ್ಟುವ ಬೂದುಗಣ್ಣಿನ ಕೂಸುಗಳು, ಎಲ್ಲ ಅವನಿಂದ ಬಂದದ್ದಂತೆ. ಘಟ್ಟದ ಮೇಲಿನ ಅರಸು ಮಾತ್ರ ಸುಮ್ಮನೆ ಕೂರಲಿಲ್ಲ. ಬಡಗಿನವರ ದೋಣಿಗಳನ್ನು ತನ್ನ ತೋಳಬಲದಿಂದ ಪುಡಿ ಮಾಡಿದೆ ಅಂತ ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದ. ಶಂಖಕೋಡಿಯವರು ಅದನ್ನು ಉರುಳಿಸಿ ತಂದು ಬಲೆ ತೊಳೆಯುವ ಕಲ್ಲು ಮಾಡಿಕೊಂಡರಂತೆ. ಅಕ್ಷರದ ಮಗ್ಗುಲು ಮೇಲಕ್ಕಿದ್ದರೆ ಕೊಳೆ ಚೆನ್ನಾಗಿ ಬಿಡುತ್ತಿತ್ತಂತೆ.

ಹೋದ ಗಂಡಸರಲ್ಲಿ ಈರನೊಬ್ಬ ಹೊರತು ಎಲ್ಲರೂ ಬಂದರು, ಸುಟ್ಟ ಮನೆ ಎದ್ದವು, ಗುಡಿಗೆ ಹೊಸ ಬೆಳ್ಳಿ ಕಣ್ಣು ಬಂತು. ಆದರೆ ಆ ಊರಿನಲ್ಲಿ ಇವತ್ತಿಗೂ ಮಂಜಿನೊಳಗಿಂದ ಗುರುತಿನ ಸ್ವರ ಕೇಳುವವರೆಗೆ ಗಂಟೆ ಹೊಡೆಯುವುದಿಲ್ಲ. ಇವತ್ತಿಗೂ ದಡಕ್ಕೆ ಬಂದವನಿಗೆ ಮೊದಲು ಹೆಸರು, ಆಮೇಲೆ ನೀರು. ದಾರಕ್ಕ ಸಾಯುವಾಗಲೂ ಆ ಸಿಟ್ಟನ್ನು ಬಿಡಲಿಲ್ಲವಂತೆ. "ಕೇಳದೆ ನೀರು ಕೊಡುವ ಕೈ ಇತ್ತು ನಮಗೆ. ಅದನ್ನು ಒಯ್ದರು, ಅದೊಂದು ವಾಪಸ್ ಬರಲಿಲ್ಲ," ಅನ್ನುತ್ತಿದ್ದಳಂತೆ.

ಅಲ್ಲಿ ಅವರ ಗಂಟೆ ನಿಂತಿತು, ಇಲ್ಲಿ ನನ್ನ ಬಾಯಿ ನಿಂತಿತು. ಹಾವಿನ ತಲೆಗಳು ಮುರಿದದ್ದು ಯಾವ ದಿನ ಅಂತ ಕೇಳಿದರೆ ಶಂಖಕೋಡಿಯಲ್ಲಿ ಹೊಟ್ಟೆಯೊಳಗಿನ ಕೂಸೂ ಹೇಳುತ್ತದೆ: ಎಳ್ಳಮಾವಾಸ್ಯೆ, ಮಂಗಳವಾರ, ಸೂರ್ಯ ಇನ್ನೂ ಮೂಡುವ ಮೊದಲು.